ಎಲ್ಲಾ ಕೆಂಪು ವೈರು

ಬೆಳಗಿನ ಕಾಫಿ ಇನ್ನೂ ಲೋಟದಲ್ಲಿರುವಾಗಲೇ ನನಗೆ ಸಿಟ್ಟು ಬಂದಿತ್ತು. ಹಾಲಿನವನು ನೀರು ಬೆರೆಸಿರಲಿಲ್ಲ, ಮನೆಯವಳೂ ಏನೂ ಅಂದಿರಲಿಲ್ಲ. ಅಟ್ಟದಿಂದ ಇಳಿಸಿದ ಸೋದರಮಾವನ ಸ್ಟೀರಿಯೊ ಆಂಪ್ಲಿಫೈಯರಿನ ಮುಚ್ಚಳ ಬಿಚ್ಚಿ ನೋಡಿದೆ, ಅಷ್ಟೇ. ಒಳಗೆಲ್ಲ ಕೆಂಪು ವೈರು! ಯಾವುದೋ ಕಾಲದಲ್ಲಿ ಯಾರೋ ಮಹಾನುಭಾವ ಅದನ್ನು ರಿಪೇರಿ ಮಾಡಿದ್ದಾನೆ. ಅವನ ಹತ್ತಿರ ಒಂದು ಸುರುಳಿ ಕೆಂಪು ವೈರಿತ್ತು, ಇನ್ನೇನು ಬೇಕು? ಕರೆಂಟು ಬರುವುದಕ್ಕೂ ಕೆಂಪು, ಸ್ಪೀಕರಿಗೂ ಕೆಂಪು, ಕೊನೆಗೆ ಅರ್ಥಿಂಗಿಗೂ ಕೆಂಪು. ಬೆಸುಗೆ ಹಾಕಲು ಸೋಮಾರಿತನ, ತಿರುಚಿ ಟೇಪು ಸುತ್ತಿದ್ದಾನೆ. ಆ ಟೇಪಿನ ಅಂಟು ಬೇಸಿಗೆಗಳಲ್ಲಿ ಕರಗಿ, ಹಲಸಿನ ಮೇಣದ ಹಾಗೆ ಬೆರಳಿಗೆ ಹತ್ತಿತು.

"ಅಣ್ಣೋ, ಗುಜರಿಗೆ ಹಾಕಿ ಒಂದು ಬ್ಲೂಟೂತ್ ಬಾಕ್ಸ್ ತಗೊಳ್ಳಿ" ಅಂದ ಪಕ್ಕದ ಮನೆಯ ಹುಡುಗ. ಹಳೆಯದನ್ನು ಯಾಕೆ ಸರಿಮಾಡಬೇಕು ಎಂಬ ಪ್ರಶ್ನೆಗೆ ಉತ್ತರ ಕೊಡುವ ಉತ್ಸಾಹ ನನಗಿಲ್ಲ. ಮಾಗಡಿ ಕಡೆಯ ತಿಪ್ಪಸಂದ್ರದಲ್ಲಿ ಇನ್ನೂ ಹಳೇ ಮನೆಗಳಿಗೆ ಹೆಂಚು ಕೈಯಾಡಿಸುವವರಿದ್ದಾರೆ, ಅವರನ್ನು ಕೇಳಲಿ.

ಈ ಆಂಪ್ಲಿಫೈಯರು ಜಪಾನಿನಿಂದ ಬಂದ ಸರಕೇನಲ್ಲ. ಮಾವ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಆರಿಸಿ ಕಟ್ಟಿಸಿಕೊಂಡದ್ದು. ಪುಟ್ಟ ಟ್ರಾನ್ಸಿಸ್ಟರುಗಳ ಮೇಲೆ ಬಿಇಎಲ್ ಮುದ್ರೆ ಇನ್ನೂ ಓದಲು ಬರುತ್ತದೆ. ಬಿಇಎಲ್ ಅಂದರೆ ಭಾರತ್ ಎಲೆಕ್ಟ್ರಾನಿಕ್ಸ್, 1954ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಕಾರ್ಖಾನೆ. 1961ರಲ್ಲಿ ರೇಡಿಯೊ ವಾಲ್ವು, ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರು ಮಾಡತೊಡಗಿತು. ಈಗ ನಾವು ಗುಂಡಿ ಒತ್ತುವ ಮತಯಂತ್ರವನ್ನೂ ಅವರು ಮಾಡುತ್ತಾರೆ. ಮತಯಂತ್ರದ ಮೇಲೆ ಜನಕ್ಕೆ ಅನುಮಾನ ಬರುತ್ತಿರುತ್ತದೆ, ಈ ಟ್ರಾನ್ಸಿಸ್ಟರುಗಳ ಮೇಲೆ ಯಾರಿಗೂ ಬಂದದ್ದು ಕಾಣೆ. ಹಿಂಬದಿಯಲ್ಲಿ ದೊಡ್ಡ ಲೋಹದ ಟೋಪಿಯ 2ಎನ್3055 ನಾಲ್ಕು ಕೂತಿವೆ. ಅವುಗಳ ಮೈಯೇ ಕರೆಂಟಿನ ಒಂದು ಕಾಲು. ಆದ್ದರಿಂದ ಅಡಿಯಲ್ಲಿ ಅಭ್ರಕದ ತೆಳು ಬಿಲ್ಲೆ ಇಟ್ಟು ಅಲ್ಯೂಮಿನಿಯಂ ತಗಡಿನಿಂದ ಬೇರೆ ಇಟ್ಟಿರುತ್ತಾರೆ. ನಮ್ಮ ಮಹಾನುಭಾವ ಅದನ್ನು ಮುಟ್ಟಿಲ್ಲ, ಪುಣ್ಯ.

ವೈರಿನ ಮರ್ಯಾದೆಯ ಬಗ್ಗೆ ಮಾತಾಡಲು ಶುರುಮಾಡಿದರೆ ಮನೆಯಲ್ಲಿ ಎಲ್ಲರೂ ಎದ್ದು ಹೋಗುತ್ತಾರೆ. ನೀವಾದರೂ ಕೂತಿರಿ. ಅರ್ಥಿಗೆ ಹಸಿರು, ನ್ಯೂಟ್ರಲ್ಲಿಗೆ ಕಪ್ಪು, ಬಲ ಚಾನೆಲ್ಲಿಗೆ ಕೆಂಪು, ಎಡಕ್ಕೆ ಬಿಳಿ ಎನ್ನುವುದು ಅಂದಚೆಂದಕ್ಕಾಗಿ ಅಲ್ಲ. ಇಪ್ಪತ್ತು ವರ್ಷದ ಮೇಲೆ ಮುಚ್ಚಳ ಬಿಚ್ಚುವ, ನಾವು ಮುಖವನ್ನೇ ನೋಡದ ಇನ್ನೊಬ್ಬ ರಿಪೇರಿಯವನಿಗೆ ಅದು ದಾರಿ ಹೇಳುತ್ತದೆ. ಹಳೆಯವರು ವೈರುಗಳನ್ನು ಒಟ್ಟು ಸೇರಿಸಿ ಮೇಣ ಹಚ್ಚಿದ ದಾರದಲ್ಲಿ ಉದ್ದಕ್ಕೂ ಗಂಟು ಬಿಗಿಯುತ್ತ ಹೋಗುತ್ತಿದ್ದರು. 1958ರಲ್ಲಿ ಅಮೆರಿಕದ ಥಾಮಸ್ ಅಂಡ್ ಬೆಟ್ಸ್ ಕಂಪನಿ ವಿಮಾನದ ವೈರುಗಳಿಗೆಂದು ಪ್ಲಾಸ್ಟಿಕ್ ಟೈ ತಂದಿತು, ದಾರದ ಕಾಲ ಮುಗಿಯಿತು ಅಂದುಕೊಂಡರು. ಮುಗಿದಿಲ್ಲ. ಮಂಗಳ ಗ್ರಹದ ಮೇಲಿರುವ ಕ್ಯೂರಿಯಾಸಿಟಿ ರೋವರಿನ ವೈರುಗಳನ್ನೂ ದಾರದಲ್ಲೇ ಕಟ್ಟಿ ಕಳಿಸಿದ್ದಾರೆ. ನಾಸಾದವರಿಗೆ ತಿಳಿದದ್ದು ನಮ್ಮ ಕೆಂಪು ವೈರಿನವನಿಗೆ ತಿಳಿಯಲಿಲ್ಲವಲ್ಲ!

ಬಣ್ಣದಷ್ಟೇ ಮುಖ್ಯ, ವೈರು ಹೋಗುವ ದಾರಿ. ಕರೆಂಟಿನ ಜೋಡಿ ವೈರನ್ನು ಒಂದಕ್ಕೊಂದು ಹೊಸೆದು ಮೂಲೆ ಹಿಡಿಸಬೇಕು; ಹೊಸೆದರೆ ಒಂದರ ಕಾಂತಕ್ಷೇತ್ರ ಇನ್ನೊಂದರದನ್ನು ಹೊಡೆದುಹಾಕುತ್ತದೆ. ಹಾಡು ಒಳಬರುವ ವೈರಿಗೆ ಹೆಣೆದ ತಾಮ್ರದ ಕವಚ ಇರಬೇಕು, ಆ ಕವಚವನ್ನು ಒಂದೇ ತುದಿಯಲ್ಲಿ ಅರ್ಥ್ ಮಾಡಬೇಕು. ಎಲ್ಲ ಅರ್ಥೂ ಒಂದೇ ಜಾಗಕ್ಕೆ ಬಂದು ಸೇರಬೇಕು. ಇದನ್ನು ಮೀರಿದರೆ ಸೆಟ್ಟು ಗುಂಯ್ ಅನ್ನುತ್ತದೆ.

ಆ ಗುಂಯ್‌ನ ವಿಷಯ ಬಂತಲ್ಲ, ಬೆಸುಗೆಕಡ್ಡಿ ಕೆಳಗಿಟ್ಟೆ. ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಆಡುತ್ತದೆ. ವೈರಿನ ದಾರಿ ತಪ್ಪಿದರೆ ಕೇಳುವುದು ಈ 50. ಡಯೋಡುಗಳು ಅದನ್ನು ಮಡಿಚಿ 100 ಮಾಡುತ್ತವೆ. ಕಂಡೆನ್ಸರು ಒಣಗಿದ್ದರೆ ಕೇಳುವುದು ಆ 100. ಕಿವಿ ಇದ್ದವನು ಮೀಟರಿಲ್ಲದೆ ರೋಗ ಹೇಳಬಹುದು. ಈಗ ಹಾರ್ಮೋನಿಯಂ ತೆಗೆಯಿರಿ. ಮೇಷ್ಟ್ರುಗಳು 'ಮನೆ' ಅನ್ನುವ ಕೀಗಳಲ್ಲಿ ಬಿಳಿ ಒಂದರ ಷಡ್ಜ ಸುಮಾರು 131. ಅದರ ಮಂದ್ರ ಪಂಚಮ 98. ಅಂದರೆ ಕೆಟ್ಟ ಆಂಪ್ಲಿಫೈಯರು ಹಿಡಿದಿರುವುದು ಹೆಚ್ಚುಕಡಿಮೆ ಮಂದ್ರ ಪಂಚಮವನ್ನೇ, ಒಂದು ಕೂದಲೆಳೆ ಮೇಲೆ! ಅಮೆರಿಕದಲ್ಲಿ ಕರೆಂಟು 60, ಗುಂಯ್ 120. ನಮ್ಮದನ್ನು ಷಡ್ಜ ಅಂದುಕೊಂಡರೆ ಅವರದು ಸಾಧಾರಣ ಗಾಂಧಾರ. ಜಪಾನಿನದು ಇನ್ನೂ ಮಜಾ: ಟೋಕಿಯೊ ಕಡೆ 50, ಒಸಾಕ ಕಡೆ 60. ನಾಟಕದ ತಂಡವೊಂದು ಊರು ಬದಲಿಸಿದರೆ ಹಾರ್ಮೋನಿಯಂ ಮೇಷ್ಟ್ರ ಗತಿಯೇನು?

ನಮ್ಮ ಕಡೆಯ ಕುರುಕ್ಷೇತ್ರ ನಾಟಕಗಳಲ್ಲಿ ಈ ಗತಿಯನ್ನು ಕಣ್ಣಾರೆ ಕಂಡಿದ್ದೇನೆ. ರಾತ್ರಿ ಹತ್ತಕ್ಕೆ ಸೀನರಿ ಏಳುತ್ತಿತ್ತು, ಮೈಕ್ ಸೆಟ್ಟು ಅದಕ್ಕೂ ಮೊದಲೇ ಪಂಚಮ ಹಿಡಿದು ಕೂತಿರುತ್ತಿತ್ತು. ದುರ್ಯೋಧನನ ಪಾತ್ರಧಾರಿ ಹಗಲೆಲ್ಲ ರಾಗಿ ಹೊಲದಲ್ಲಿ ಗೇದು ಬಂದವನು. ಗದೆ ಹೆಗಲಿಗೇರಿಸಿ ಬಾಯಿ ತೆಗೆದರೆ ಮೇಷ್ಟ್ರ ಮನೆಯನ್ನೂ ಹಿಡಿಯುತ್ತಿರಲಿಲ್ಲ, ಮೈಕಿನದನ್ನೂ ಹಿಡಿಯುತ್ತಿರಲಿಲ್ಲ, ನಡುವೆ ಸ್ವಂತದ್ದೊಂದು ಮನೆ ಕಟ್ಟಿಕೊಳ್ಳುತ್ತಿದ್ದ. "ಲೇ, ಆ ಮೈಕಿನವನ್ಗೆ ಸ್ವಲ್ಪ ಸುಮ್ನಿರಾಕ್ ಹೇಳ್ರೋ" ಎಂದು ಮೇಷ್ಟ್ರು ಬೆಲ್ಲೋಸ್ ಒತ್ತುತ್ತಲೇ ಕೂಗುತ್ತಿದ್ದರು. ಮೈಕಿನವನು ಸುಮ್ಮನೇ ಇದ್ದ, ನಿದ್ದೆಯಲ್ಲಿ. ಬೆಳಗಿನ ಜಾವ ತೊಡೆ ಮುರಿದು ಬಿದ್ದ ದುರ್ಯೋಧನ ಕಂದಪದ್ಯ ಹಾಡುವ ಹೊತ್ತಿಗೆ ಇಡೀ ಊರ ಕಿವಿ ಆ ಗುಂಯ್‌ಗೆ ಒಗ್ಗಿ, ಅವನೂ ಹೇಗೋ ಅದಕ್ಕೆ ಸೇರಿಕೊಂಡಿರುತ್ತಿದ್ದ. ಅಷ್ಟು ಶ್ರುತಿಬದ್ಧವಾದ ಸಾವನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಹಾಗೆ ನೋಡಿದರೆ ನಮ್ಮ ಕಡೆ ಸ್ಟೀರಿಯೊ ಯಾರಿಗೆ ಬೇಕಿತ್ತು? 1975ರ 'ಶೋಲೆ' ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಚಿತ್ರ; 70 ಎಂಎಂ, ಸ್ಟೀರಿಯೊ ಧ್ವನಿ. ಸುತ್ತಲಿನ ಹಳ್ಳಿಯವರು ಅದರ ಮಾತುಗಳನ್ನು ಕೇಳಿದ್ದು ಮಾತ್ರ ಮರಕ್ಕೆ ಕಟ್ಟಿದ ಒಂಟಿ ಹಾರ್ನಿನಲ್ಲಿ. ಚಿತ್ರದ ಖಳ ಗಬ್ಬರನಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಸರಿ, ಕೆಲಸಕ್ಕೆ ಬರೋಣ. ಕೆಂಪು ವೈರನ್ನೆಲ್ಲ ಕಿತ್ತು ಬಣ್ಣಬಣ್ಣದ್ದು ಎಳೆದಿದ್ದೇನೆ, ದಾರ ಕಟ್ಟಿದ್ದೇನೆ. ಆದರೆ ಹಳೇ ಸೆಟ್ಟಿಗೆ ನೇರ ಕರೆಂಟು ಕೊಡಬಾರದು. ನಡುವೆ ಸೀರೀಸಿನಲ್ಲಿ ಒಂದು ಬುರುಡೆ ಬಲ್ಬು ಬೇಕು, 60 ಅಥವಾ 100 ವ್ಯಾಟಿನದು. ಸ್ವಿಚ್ ಹಾಕಿದಾಗ ಬಲ್ಬು ಝಗ್ಗನೆ ಹತ್ತಿ ಮಂಕಾದರೆ ಕಂಡೆನ್ಸರು ತುಂಬಿಕೊಂಡಿತು, ಕ್ಷೇಮ. ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟು. ಬಲ್ಬು ಕರೆಂಟನ್ನು ತಡೆದು ಟ್ರಾನ್ಸ್‌ಫಾರ್ಮರನ್ನು ಉಳಿಸುತ್ತದೆ. ಎಲ್ಇಡಿ ಬಲ್ಬಿನಿಂದ ಈ ಕೆಲಸ ಆಗದು, ಅದಕ್ಕೆ ಕಾಯುವ ತಂತಿಯೇ ಇಲ್ಲ. ಮನೆಮನೆಗೂ ಎಲ್ಇಡಿ ಬಂದ ಮೇಲೆ ಬುರುಡೆ ಬಲ್ಬು ಕೇಳಿದರೆ ಅಂಗಡಿಯವರು ನಗುತ್ತಾರೆ. ಮಾಗಡಿ ಪೇಟೆಯಲ್ಲಿ ವಿಚಾರಿಸಿದ್ದಾಯಿತು, ಕುಣಿಗಲ್ಲಿಗೂ ಹೇಳಿಕಳಿಸಿದ್ದೇನೆ. ನಿಮ್ಮ ಮನೆಯ ಬಚ್ಚಲಲ್ಲೋ ಕೊಟ್ಟಿಗೆಯಲ್ಲೋ ಹಳೆಯದೊಂದು ಇನ್ನೂ ಉರಿಯುತ್ತಿದ್ದರೆ ದಯವಿಟ್ಟು ಎಸೆಯಬೇಡಿ. ಬದಲಿಗೆ ಎಲ್ಇಡಿ ನಾನೇ ಕೊಡಿಸುತ್ತೇನೆ.