ಮಾತಿಗೊಬ್ಬರು ಬೇಕು

ಅಮೆರಿಕಕ್ಕೆ ಮಕ್ಕಳ ಮನೆಗೆ ಹೋಗುವ ನಮ್ಮಂಥವರಿಗೆ ವಿಮಾನ ನಿಲ್ದಾಣದಲ್ಲಿ ಸಾಮಾನ್ಯವಾಗಿ ಆರು ತಿಂಗಳ ಅವಕಾಶ ಕೊಡುತ್ತಾರೆ. ಅಷ್ಟರಲ್ಲಿ ಹೊತ್ತುಕೊಂಡು ಹೋದ ಹುಳಿಪುಡಿ, ಚಟ್ನಿಪುಡಿ ಖಾಲಿಯಾಗುತ್ತದೆ, ಹಿತ್ತಲಲ್ಲಿ ಚೆಲ್ಲಿದ ಮೆಂತ್ಯ ಕೊಯ್ಲಿಗೆ ಬರುತ್ತದೆ, ಮೊಮ್ಮಕ್ಕಳ ಚಪ್ಪಲಿ ಚಿಕ್ಕದಾಗುತ್ತದೆ. ನನಗೆ ಇನ್ನೊಂದು ಆಸೆಯಿತ್ತು. ಮೊಮ್ಮಗಳ ಬಾಯಲ್ಲಿ ಕನ್ನಡ ಕೇಳಬೇಕು.

ಮಗನ ಮನೆ ಡಾಲಸ್ ಪಕ್ಕದ ಫ್ರಿಸ್ಕೋದಲ್ಲಿ. ಅಲ್ಲಿ ಕನ್ನಡಕ್ಕೆ ಬರವಿಲ್ಲ. 2018ರಲ್ಲಿ ಅಮೆರಿಕದ ಕನ್ನಡ ಕೂಟಗಳ ‘ಅಕ್ಕ’ ಸಮ್ಮೇಳನ ನಡೆದದ್ದು ಡಾಲಸ್‌ನಲ್ಲೇ. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ಕಾರ್ಯಸಿದ್ಧಿ ಹನುಮಂತನ ಗುಡಿಯೂ ಫ್ರಿಸ್ಕೋದಲ್ಲಿದೆ. ಪ್ರಸಾದಕ್ಕೆ ನಿಂತರೆ ಮೈಸೂರು, ಮಂಡ್ಯದ ಮಾತು ಕಿವಿಗೆ ಬೀಳುತ್ತದೆ. ಆದರೆ ಅದೆಲ್ಲ ದೊಡ್ಡವರ ಮಾತು. ಏಳು ವರ್ಷದ ನಮ್ಮ ಪುಟ್ಟಿ ನಾನು ಏನು ಕೇಳಿದರೂ ಉತ್ತರ ಕೊಡುವುದು ಇಂಗ್ಲಿಷಿನಲ್ಲೇ. “ಅವಳಿಗೆ ಎಲ್ಲಾ ಅರ್ಥ ಆಗುತ್ತೆ ಅತ್ತೆ, ಬಾಯಿಗೆ ಬರಲ್ಲ ಅಷ್ಟೆ” ಎಂದು ಸೊಸೆ ಸಮಾಧಾನ ಹೇಳುವಳು. ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಕಥೆ ಹೇಳುತ್ತಿದ್ದೆ. ಅದು ಎಲ್ಲಿಗೆ ತಲುಪುತ್ತಿದೆಯೋ ತಿಳಿಯುತ್ತಿರಲಿಲ್ಲ.

ಏಪ್ರಿಲ್‌ನಲ್ಲಿ ಮಗ ರಜೆ ಹಾಕಿದ. ಆಸ್ಟಿನ್ ನೋಡಿಕೊಂಡು ಹ್ಯೂಸ್ಟನ್‌ನಲ್ಲಿರುವ ಮಗಳ ಮನೆಗೆ ಹೋಗುವುದೆಂದಾಯಿತು. ಹೆದ್ದಾರಿಯ ಎರಡೂ ಬದಿಗೆ ನೀಲಿ ಹೂ ಹಾಸಿಕೊಂಡಿತ್ತು. ಬ್ಲೂಬಾನೆಟ್ ಅಂತೆ, ಆ ರಾಜ್ಯದ ಹೂ. ರಸ್ತೆ ಇಲಾಖೆಯವರೇ ಬೀಜ ಬಿತ್ತುತ್ತಾರೆ ಎಂದು ಕೇಳಿ ನನಗೆ ಆ ಇಲಾಖೆಯ ಮೇಲೆ ಗೌರವ ಹುಟ್ಟಿತು.

ಆಸ್ಟಿನ್‌ನಲ್ಲಿ ನಾನು ನೋಡಬೇಕೆಂದಿದ್ದದ್ದು ವಿಶ್ವವಿದ್ಯಾಲಯ. ನಮ್ಮ ಹಾಸನದಲ್ಲಿ 1908ರಲ್ಲಿ ಹುಟ್ಟಿದ ಲೇಖಕ ರಾಜಾರಾವ್ 1966ರಿಂದ 1980ರವರೆಗೆ ಅಲ್ಲಿ ತತ್ತ್ವಶಾಸ್ತ್ರ ಕಲಿಸಿದರು. 2006ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳು ಈಗ ಅಲ್ಲಿನ ಹ್ಯಾರಿ ರ‍್ಯಾನ್ಸಮ್ ಸೆಂಟರ್‌ನಲ್ಲಿವೆ. ನಾಲ್ಕು ವರ್ಷಕ್ಕೇ ತಾಯಿಯನ್ನು ಕಳೆದುಕೊಂಡ ಆ ಹುಡುಗ ಹಾಸನದಲ್ಲಿ ತಾತನ ಆಶ್ರಯದಲ್ಲಿದ್ದ. 1938ರಲ್ಲಿ ಬಂದ ಅವರ ‘ಕಾಂತಾಪುರ’ ಇಂಗ್ಲಿಷ್ ಕಾದಂಬರಿ, ನಿಜ. ಆದರೆ ಅದರಲ್ಲಿ ಊರಿನ ಕಥೆ ಹೇಳುವವಳು ಅಚಕ್ಕ ಎಂಬ ಮುದುಕಿ, ಅವಳು ಉಸಿರು ಬಿಡದೆ ಮಾತಾಡುವ ಧಾಟಿ ನಮ್ಮ ಜಗಲಿಗಳದು. ಎಳವೆಯಲ್ಲಿ ಹಿರಿಯರ ಬಾಯಿಂದ ಕೇಳಿದ್ದು ಎಷ್ಟು ಕಾಲ ಒಳಗಿದ್ದು, ಎಲ್ಲಿ, ಯಾವ ಭಾಷೆಯಲ್ಲಿ ಹೊರಗೆ ಬರುತ್ತದೋ ಎಂದುಕೊಂಡು ಅವರ ಕಾಗದಪತ್ರಗಳಿರುವ ಕಟ್ಟಡದ ಮುಂದೆ ಸ್ವಲ್ಪ ಹೊತ್ತು ಕೂತೆ. ಪುಟ್ಟಿ ಅಳಿಲಿನ ಹಿಂದೆ ಓಡುತ್ತಿದ್ದಳು.

ಹ್ಯೂಸ್ಟನ್ ದಾರಿಯಲ್ಲಿ ಮಗ ಹೆದ್ದಾರಿ ಬಿಟ್ಟು ಕಾರನ್ನು ಹಳ್ಳಿಗಾಡಿಗೆ ತಿರುಗಿಸಿದ. ಷೂಲೆನ್‌ಬರ್ಗ್ ಸುತ್ತಮುತ್ತ ಬಣ್ಣದ ಚರ್ಚುಗಳಿವೆ, ಒಂದನ್ನಾದರೂ ನೋಡಮ್ಮ ಎಂದ. ನಾವು ಹೋದದ್ದು ಪ್ರಾಹಾಕ್ಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮೊರೇವಿಯ, ಬೊಹೀಮಿಯಗಳಿಂದ ಬಂದ ಚೆಕ್ ರೈತರು ಹತ್ತಿ ಬೆಳೆದು ನೆಲೆ ನಿಂತ ಸೀಮೆ ಅದು. 1895ರ ಚರ್ಚು ಹೊರಗೆ ಬರಿ ಕಲ್ಲು; ಒಳಗೆ ಕಾಲಿಟ್ಟರೆ ಮರದ ಚಾವಣಿಯ ತುಂಬ ಬಳ್ಳಿ, ಹೂ. ಸುತ್ತ ಊರು ಅನ್ನುವಂಥದ್ದೇನೂ ಉಳಿದಿಲ್ಲ. ಹಿಂದಿನ ಸ್ಮಶಾನದಲ್ಲಿ ಹಳೆಯ ಕಲ್ಲುಗಳ ಮೇಲೆ ಚೆಕ್ ಬರಹ. ಎರಡನೇ ಮಹಾಯುದ್ಧದಲ್ಲಿ ಈ ಪುಟ್ಟ ಊರಿನ ಒಂಬತ್ತು ಹುಡುಗರು ಸತ್ತರು. ಒಂಬತ್ತು ಮನೆ ಎಂದರೆ ಅಂಥ ಊರಿನಲ್ಲಿ ಒಂದು ಕೇರಿ.

ಪುಟ್ಟಿ ಒಂದು ಸಮಾಧಿಯ ಅಂಚು ಹತ್ತಿದಳು. “ತುಳೀಬಾರದು ಕಂದ, ಇಳಿ, ಅಲ್ಲಿ ಯಾರೋ ಮಲಗಿದ್ದಾರೆ” ಎಂದೆ. ಆಚೆ ಸಾಲಿನಲ್ಲಿ ಹುಲ್ಲು ಕೀಳುತ್ತಿದ್ದ ಮುದುಕರೊಬ್ಬರು ಎದ್ದು ನಿಂತರು. ಎಂಬತ್ತು ದಾಟಿರಬೇಕು. ಟೋಪಿ ತೆಗೆದು, ಇದು ಯಾವ ಭಾಷೆ ಎಂದು ಕೇಳಿದರು. ಮಗ ಹೇಳಿದ. ಮಗು ನಿಮ್ಮ ಮಾತು ಕೇಳಿ ಇಳಿಯಿತಲ್ಲ, ಅದಕ್ಕೆ ಅರ್ಥವಾಗುತ್ತದೆಯೇ ಎಂದು ನನ್ನನ್ನೇ ಕೇಳಿದರು. ತಾವು ಶಾಲೆಗೆ ಸೇರುವವರೆಗೆ ಅಜ್ಜಿಯ ಜೊತೆ ಚೆಕ್ ಬಿಟ್ಟು ಬೇರೆ ಮಾತಾಡಿದವರಲ್ಲ ಎಂದರು. ಶಾಲೆಯಲ್ಲಿ ಅದು ನಿಂತಿತು. ಟೆಕ್ಸಾಸ್ 1918ರಲ್ಲೇ ಶಾಲೆಯ ಪಾಠ ಇಂಗ್ಲಿಷಿನಲ್ಲೇ ಆಗಬೇಕೆಂದು ಕಾನೂನು ಮಾಡಿತ್ತು ಎಂದು ಮಗ ಆಮೇಲೆ ಹೇಳಿದ. ಮನೆಯೊಳಗೆ ಹೆಂಡತಿಯ ಜೊತೆ ಮಾತ್ರ ಅವರ ಚೆಕ್ ಉಳಿದಿತ್ತು. ಅವರು ಹುಲ್ಲು ಕೀಳುತ್ತಿದ್ದದ್ದು ಆಕೆಯ ಸಮಾಧಿಯ ಮೇಲಿನದು.

“ವಿಶ್ವವಿದ್ಯಾಲಯದವರು ಬಂದು ನಮ್ಮ ಕಡೆಯವರ ಮಾತನ್ನು ಧ್ವನಿಮುದ್ರಿಸಿಕೊಂಡು ಹೋಗಿದ್ದಾರೆ, ಒಳ್ಳೆಯ ಕೆಲಸ. ಆದರೆ ಮಾತಾಡೋದಕ್ಕೆ ಯಾರೂ ಇಲ್ಲ” ಎಂದರು. ಆಮೇಲೆ ಸಂಕೋಚದಿಂದ, ನಿಮ್ಮ ಅಭ್ಯಂತರವಿಲ್ಲದಿದ್ದರೆ ಸ್ವಲ್ಪ ಹೊತ್ತು ಚೆಕ್‌ನಲ್ಲಿ ಮಾತಾಡಲೇ ಎಂದು ಕೇಳಿದರು. ಮಾತಾಡಿದರು. ನಮಗೆ ಒಂದಕ್ಷರ ತಿಳಿಯಲಿಲ್ಲ. ಮೊದಲು ತಡವರಿಸಿದ ದನಿ ಬರಬರುತ್ತಾ ಸಲೀಸಾಯಿತು. ಮಧ್ಯೆ ನಕ್ಕರು, ಒಂದು ಕಡೆ ಗಂಟಲು ಕಟ್ಟಿತು. ಸೊಸೆ ಕಣ್ಣು ಒರೆಸಿಕೊಂಡಳು.

ಈಗ ನೀವು ಹೇಳಿ ಎಂದರು. ನನಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹಾಗಾಗಿ ಕನ್ನಡದಲ್ಲೇ ನಮ್ಮ ಶೆಟ್ಟಿಹಳ್ಳಿ ಚರ್ಚಿನ ವಿಷಯ ಹೇಳಿದೆ. ಹಾಸನದ ಹತ್ತಿರ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಮುಳುಗಿತು, ಜನ ಬೇರೆ ಕಡೆ ಹೋದರು. ಮಳೆಗಾಲದಲ್ಲಿ ನೀರು ಗೋಡೆಯ ಅರ್ಧಕ್ಕೆ ಬರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ, ಸೂರಿಲ್ಲದ ಕಟ್ಟಡ ಇನ್ನೂ ನಿಂತಿದೆ. ಮಗ ಅನುವಾದ ಮಾಡಲು ಬಾಯಿ ತೆರೆಯುವ ಮೊದಲೇ ಪುಟ್ಟಿ ನನಗೂ ಅವರಿಗೂ ನಡುವೆ ಬಂದು ನಿಂತು, ನಾನು ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಅವರಿಗೆ ಹೇಳಿದಳು. ಹೇಮಾವತಿಯನ್ನು ಹೇಮಾವತಿಯೆಂದೇ ಅಂದಳು. ಸೂರಿಲ್ಲ ಅನ್ನುವುದನ್ನೂ ಬಿಡಲಿಲ್ಲ. ರಾತ್ರಿಗಳ ಕಥೆಯೆಲ್ಲ ಎಲ್ಲಿಗೆ ತಲುಪಿತ್ತೆಂದು ಅಲ್ಲಿ ಗೊತ್ತಾಯಿತು. ನನ್ನ ಕಾಲು ನಡುಗಿತು, ಬೆಂಚಿನ ಮೇಲೆ ಕೂತೆ.

“ಆ ಊರಿನವರು ಹಿಂದಿರುಗಿ ಬರುತ್ತಾರಾ?” ಎಂದು ಅವರು ಪುಟ್ಟಿಯನ್ನು ಕೇಳಿದರು. ಅವಳು ನನ್ನನ್ನು ಕೇಳಿದಳು. ನೀರು ಇಳಿದಾಗ ಜನ ನೋಡಲು ಬರುತ್ತಾರೆ ಎಂದೆ. ಇಲ್ಲೂ ಹಾಗೆಯೇ ಎಂದರು: ಪ್ರತಿ ವರ್ಷ ಆಗಸ್ಟ್ 15ಕ್ಕೆ ಈ ಚರ್ಚಿನ ಹಬ್ಬ, ನಮ್ಮ ಊರಹಬ್ಬದ ಹಾಗೆ ಎಲ್ಲೆಲ್ಲೋ ಇರುವ ಮಕ್ಕಳು ಮೊಮ್ಮಕ್ಕಳು ಅವತ್ತು ಬಂದು ಸೇರುತ್ತಾರಂತೆ. ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡರು, ಮಗುವಿನ ಹತ್ತಿರ ಮಾತು ನಿಲ್ಲಿಸಬೇಡಿ ಎಂದರು. ಇಷ್ಟು ವರ್ಷದಲ್ಲಿ ನನಗೆ ಯಾರೂ ಹೀಗೆ ಕೆಲಸ ವಹಿಸಿರಲಿಲ್ಲ.

ಹ್ಯೂಸ್ಟನ್‌ನಲ್ಲಿ ಮಗಳು ಪೇರ್‌ಲ್ಯಾಂಡಿನ ಮೀನಾಕ್ಷಿ ಗುಡಿ, ನಾಸಾ ಎಲ್ಲ ಪ್ರೀತಿಯಿಂದ ತೋರಿಸಿದಳು. ಪುಟ್ಟಿ ಅತ್ತೆಯ ಮಗನಿಗೆ ಪ್ರಾಹಾದ ತಾತನ ಕಥೆಯನ್ನು ಮೂರು ದಿನ ಹೇಳಿದಳು, ಇಂಗ್ಲಿಷಿನಲ್ಲೇ. ನನಗೆ ಬೇಸರವಾಗಲಿಲ್ಲ. ನಾಲ್ಕನೆಯ ದಿನ ದೋಸೆ ತಿನ್ನುತ್ತಾ, “ಅಜ್ಜಿ, ಚರ್ಚ್ ಒಳಗೆ ಮೀನು ಬರುತ್ತಾ?” ಎಂದಳು. ಬರಬಹುದು ಎಂದೆ. “ನೋಡಬೇಕು” ಎಂದಳು. ಅವಳ ಶಾಲೆಗೆ ರಜೆ ಜೂನ್, ಜುಲೈನಲ್ಲಿ. ಮುಂದಿನ ಜುಲೈಗೆ ಹಾಸನಕ್ಕೆ ಟಿಕೆಟ್ ಮಾಡುತ್ತೇನೆ ಎಂದಿದ್ದಾನೆ ಮಗ. ಆ ಹೊತ್ತಿಗೆ ನೀರು ಏರುತ್ತಿರುತ್ತದೆ. ಶೆಟ್ಟಿಹಳ್ಳಿಯಲ್ಲಿ ತೆಪ್ಪದವರು ಇರುತ್ತಾರೆ, ಕರೆದುಕೊಂಡು ಹೋಗಲು ಅವರನ್ನು ಕೇಳಬೇಕು. ಅದನ್ನು ಪುಟ್ಟಿಯೇ ಕೇಳಲಿ.