ಊಟದ ಉಡುಪು

ಊಟಕ್ಕೆ ಬೇಕಾದುವು ಹಸಿವು ಮತ್ತು ಅನ್ನ. ಉಡುಪಿಗೂ ಅದಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಆದರೆ ಮನುಷ್ಯನು ನಾಲ್ವರ ನಡುವೆ ಕುಳಿತು ಉಣ್ಣುವವನಾದುದರಿಂದ, ಎಲೆಯ ಮುಂದೆ ಹೇಗೆ ಕೂರಬೇಕು, ಏನನ್ನು ಉಟ್ಟಿರಬೇಕು ಎಂಬ ವಿಚಾರವು ಎಲ್ಲ ದೇಶಗಳಲ್ಲಿಯೂ ಹುಟ್ಟಿಕೊಂಡಿದೆ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯವು ಸ್ನಾತಕನ ನಿಯಮಗಳನ್ನು ಹೇಳುವಾಗ, ಒಂದೇ ವಸ್ತ್ರವನ್ನುಟ್ಟು ಊಟ ಮಾಡಕೂಡದೆಂದು ವಿಧಿಸುತ್ತದೆ. ಉಟ್ಟ ಪಂಚೆಯ ಜೊತೆಗೆ ಹೆಗಲ ಮೇಲೊಂದು ಉತ್ತರೀಯವಿರಬೇಕೆಂಬುದು ಇದರ ತಾತ್ಪರ್ಯ. ರಾತ್ರಿಯ ಊಟಕ್ಕೆ ಕೋಟಿಲ್ಲದೆ ಕೂರಬಾರದೆಂದು ಇಂಗ್ಲೆಂಡಿನ ಶಿಷ್ಟರು ಮಾಡಿಕೊಂಡ ನಿಯಮವೂ ಇದೇ ಬಗೆಯದು. ಎರಡು ಕಡೆಯಲ್ಲಿಯೂ ಆ ಎರಡನೆಯ ವಸ್ತ್ರವು ಚಳಿಗಾಗಿ ಹುಟ್ಟಿದುದಲ್ಲ. ಅನ್ನಕ್ಕೂ ಜೊತೆಯಲ್ಲಿ ಉಣ್ಣುವವರಿಗೂ ಸಲ್ಲಿಸುವ ಮರ್ಯಾದೆಗಾಗಿ ಹುಟ್ಟಿದುದು.

ಇಂಗ್ಲಿಷರ ಊಟದ ಕೋಟಿಗೆ ಬಹಳ ಪ್ರಾಚೀನತೆಯೇನೂ ಇಲ್ಲ. 1865ರಲ್ಲಿ ಲಂಡನ್ನಿನ ಹೆನ್ರಿ ಪೂಲ್ ಎಂಬ ದರ್ಜಿಯ ಅಂಗಡಿಯು ಆಗಿನ ವೇಲ್ಸ್ ರಾಜಕುಮಾರನಿಗೆ, ಹಿಂಬದಿಯಲ್ಲಿ ಉದ್ದನೆಯ ಜೋಲುಗಳಿಲ್ಲದ ಗಿಡ್ಡ ಕೋಟೊಂದನ್ನು ಹೊಲಿದುಕೊಟ್ಟಿತೆಂದು ಹೇಳುತ್ತಾರೆ. 1886ರ ಸುಮಾರಿಗೆ ಅದು ನ್ಯೂಯಾರ್ಕಿನ ಬಳಿಯ ಟಕ್ಸೀಡೊ ಪಾರ್ಕಿಗೆ ಹೋಗಿ ಆ ಊರಿನ ಹೆಸರನ್ನು ಪಡೆಯಿತು. ಹಾಯಾಗಿ ಕೂರುವುದಕ್ಕೆಂದು ಹೊಲಿದ ಬಟ್ಟೆಯು ಎರಡು ತಲೆಮಾರು ಕಳೆಯುವುದರೊಳಗಾಗಿ ಬಿಗಿಯಾದ ಕಟ್ಟಳೆಯ ಬಟ್ಟೆಯಾದುದು ಸೋಜಿಗ. ಸಮುದ್ರವನ್ನು ದಾಟುವ ದೊಡ್ಡ ಹಡಗುಗಳ ಮೊದಲನೆಯ ದರ್ಜೆಯಲ್ಲಿ, ಹೊರಟ ರಾತ್ರಿ ಮತ್ತು ಕೊನೆಯ ರಾತ್ರಿಗಳನ್ನು ಬಿಟ್ಟು, ಮಿಕ್ಕ ರಾತ್ರಿಗಳಲ್ಲೆಲ್ಲ ಈ ಉಡುಪಿನಿಂದ ಊಟಕ್ಕೆ ಇಳಿದು ಬರುವುದು ವಾಡಿಕೆಯಾಯಿತು. ಆ ಎರಡು ರಾತ್ರಿಗಳಲ್ಲಿ ಪೆಟ್ಟಿಗೆಗಳು ಬಿಚ್ಚಿರುವುದಿಲ್ಲ, ಇಲ್ಲವೆ ಆಗಲೇ ಕಟ್ಟಿಯಾಗಿರುತ್ತವೆ. ವಿನಾಯಿತಿಗೆ ಅದೇ ಕಾರಣ.

ಈಗ ಹಡಗು ಊರಿಗೆ ಹೋಗುವ ಸಾಧನವಾಗಿ ಉಳಿದಿಲ್ಲ. ವಿಮಾನವು ಆ ಕೆಲಸವನ್ನು ಕಸಿದುಕೊಂಡಿದೆ. ಉಳಿದಿರುವುವು ವಿಹಾರದ ಹಡಗುಗಳು. ಅವುಗಳಲ್ಲಿ ಕೆಲವು ಇಂದಿಗೂ ವಾರಕ್ಕೆ ಒಂದೆರಡು ರಾತ್ರಿಗಳನ್ನು ಔಪಚಾರಿಕ ರಾತ್ರಿಗಳೆಂದು ಗೊತ್ತುಮಾಡುತ್ತವೆ. ಆ ರಾತ್ರಿ ದೊಡ್ಡ ಭೋಜನಶಾಲೆಗೆ ಬರುವ ಪುರುಷನು ಕಪ್ಪು ಕೋಟು, ಬೋ ಟೈಗಳನ್ನೋ, ಕಡೆಯ ಪಕ್ಷ ಗಾಢವರ್ಣದ ಸೂಟನ್ನೋ ಧರಿಸಿರಬೇಕು. ಒಲ್ಲದವನು ಮೇಲಂತಸ್ತಿನಲ್ಲಿ ತಾನೇ ಬಡಿಸಿಕೊಂಡು ತಿನ್ನುವ ಕಡೆಗೆ ಹೋಗಬಹುದು. ನಾರ್ವೀಜಿಯನ್ ಎಂಬ ಸಂಸ್ಥೆಯು 2000ನೆಯ ಇಸವಿಯಿಂದೀಚೆಗೆ ಈ ಕಡ್ಡಾಯವನ್ನೇ ತೆಗೆದುಹಾಕಿತು. ಹಳೆಯ ಸಂಪ್ರದಾಯವನ್ನು ಹಿಡಿದಿರುವ ಕ್ಯೂನಾರ್ಡ್ ಸಂಸ್ಥೆಯವರು ನಿಯಮವನ್ನು ಉಳಿಸಿಕೊಂಡು, ಅವರವರ ದೇಶದ ಔಪಚಾರಿಕ ಉಡುಪಿಗೂ ಅದರಲ್ಲಿ ಸ್ಥಾನ ಕೊಟ್ಟಿದ್ದಾರೆ.

ಇಂಥ ಒಂದು ರಾತ್ರಿಯ ಚರ್ಚೆ ಕೆಲವು ವರ್ಷಗಳ ಹಿಂದೆ ಜಯನಗರದ ನಾಲ್ಕನೆಯ ಬಡಾವಣೆಯ ಒಂದು ಮನೆಯಲ್ಲಿ ಎದ್ದಿತು. ಯಜಮಾನರು ಲೆಕ್ಕಪತ್ರದ ಕಚೇರಿಯಿಂದ ನಿವೃತ್ತರಾದವರು, ಎಪ್ಪತ್ತು ದಾಟಿದವರು. ಇಂಗ್ಲೆಂಡಿನಲ್ಲಿ ನೆಲಸಿರುವ ಮಗನು ತಂದೆತಾಯಿಗಳ ವಿವಾಹದ ಐವತ್ತನೆಯ ವರ್ಷಕ್ಕೆಂದು ಏಳು ರಾತ್ರಿಗಳ ಹಡಗಿನ ಪ್ರಯಾಣವನ್ನು ಗೊತ್ತುಮಾಡಿ, ಅದರಲ್ಲಿ ಎರಡು ಔಪಚಾರಿಕ ರಾತ್ರಿಗಳಿರುವುದರಿಂದ ಒಂದು ಸೂಟು ಹೊಲಿಸಿಕೊಳ್ಳಬೇಕೆಂದು ತಿಳಿಸಿದನು. ಯಜಮಾನರು ಕಚೇರಿಯಲ್ಲಿ ಷರಾಯಿ, ಅಂಗಿ ಧರಿಸಿದವರೇ. ಆದರೆ ಊಟಕ್ಕೆ ಮಾತ್ರ ಆಯುಸ್ಸಿನಲ್ಲಿ ಪಂಚೆಯನ್ನು ಬಿಟ್ಟು ಕುಳಿತವರಲ್ಲ. ಆ ಎರಡು ರಾತ್ರಿ ತಾವು ಮೇಲಂತಸ್ತಿಗೆ ಹೋಗಿ ಮೊಸರನ್ನವನ್ನೋ ಹಣ್ಣನ್ನೋ ತಿಂದುಕೊಳ್ಳುವುದಾಗಿ ಹೇಳಿಬಿಟ್ಟರು.

“ಅಪ್ಪ, ಎರಡು ಗಂಟೆಯ ಕಾಲ ಒಂದು ಕೋಟು ಹಾಕಿಕೊಳ್ಳುವುದಕ್ಕೆ ಏನು ಕಷ್ಟ?” ಎಂದು ಮಗನು ದೂರವಾಣಿಯಲ್ಲಿ ಕೇಳಿದನು.

“ಕಷ್ಟ ಕೋಟಿನದಲ್ಲ, ಮಗು. ನಿಮ್ಮಪ್ಪನ ಪಂಚೆ ಅಲ್ಲಿ ಮರ್ಯಾದೆಯ ಬಟ್ಟೆಯಲ್ಲ ಎಂದು ನಿನಗೂ ಅನ್ನಿಸಿತಲ್ಲ, ಅದು ಕಷ್ಟ,” ಎಂದರು ಯಜಮಾನರು.

ಗೃಹಿಣಿಯು ಇಷ್ಟು ಹೊತ್ತೂ ಸುಮ್ಮನಿದ್ದಾಕೆ. “ಐವತ್ತು ವರ್ಷವಾಯಿತೆಂದು ಕರೆದುಕೊಂಡು ಹೋಗಿ, ಅವರನ್ನು ಮೇಲೆ ಕೂರಿಸಿ ನನ್ನನ್ನು ಕೆಳಗೆ ಕೂರಿಸುತ್ತೀಯಾ? ಹಾಗಾದರೆ ನಾನೂ ಬರುವುದಿಲ್ಲ,” ಎಂದುಬಿಟ್ಟರು. ಆಕೆಯ ಉಡುಪಿನ ವಿಷಯದಲ್ಲಿ ಯಾರಿಗೂ ಸಂದೇಹವಿರಲಿಲ್ಲವೆಂಬುದನ್ನು ವಾಚಕರು ಗಮನಿಸತಕ್ಕದ್ದು. ಮೈಸೂರು ರೇಷ್ಮೆಯ ಸೀರೆಯನ್ನು ಬಾಗಿಲಲ್ಲಿ ತಡೆದ ಹಡಗನ್ನು ಯಾರೂ ಕೇಳಿಲ್ಲ. ಪರರ ಆಳ್ವಿಕೆಯಲ್ಲಿ ಕಚೇರಿಗೆ ಹೋದವರು ಬಹುಮಟ್ಟಿಗೆ ಗಂಡಸರು. ಅಧಿಕಾರದ ಕೋಟು ಅವರ ಮೈಗೆ ಹತ್ತಿತು. ಪಂಚೆಯು ಮನೆಯ ಬಟ್ಟೆಯೆಂದಾಯಿತು. ಸೀರೆಗೆ ಅಂಥ ಪ್ರತಿಸ್ಪರ್ಧಿ ಬರಲಿಲ್ಲವಾದುದರಿಂದ ಅದು ತನ್ನ ಪದವಿಯನ್ನು ಕಳೆದುಕೊಳ್ಳಲಿಲ್ಲ.

ಹಡಗಿನ ಊಟದ ಮನೆಯು ಭಾರತೀಯನನ್ನು ಅಂಜಿಸಿದುದು ಹೊಸದಲ್ಲ. 1888ರಲ್ಲಿ ವ್ಯಾಸಂಗಕ್ಕೆಂದು ಹೊರಟ ತರುಣ ಗಾಂಧಿಯವರು, ಚಾಕು ಮುಳ್ಳುಚಮಚಗಳ ಬಳಕೆಯನ್ನರಿಯದೆ, ಬಡಿಸುವುದರಲ್ಲಿ ಮಾಂಸವಿಲ್ಲದ ಪದಾರ್ಥ ಯಾವುದೆಂದು ಕೇಳಲು ನಾಚಿ, ತಮ್ಮ ಕೋಣೆಯಲ್ಲಿಯೇ ಮನೆಯಿಂದ ತಂದ ತಿಂಡಿ ಹಣ್ಣುಗಳಿಂದ ದಿನ ಕಳೆದರು. ಹಡಗಿನಲ್ಲಿ ಕಪ್ಪು ಸೂಟು ಧರಿಸಿದ್ದವರು, ಇಳಿಯುವ ದಿನಕ್ಕೆಂದು ಮೀಸಲಿಟ್ಟ ಬಿಳಿಯ ಉಡುಪನ್ನು ತೊಟ್ಟು ದಡಕ್ಕೆ ಕಾಲಿಟ್ಟಾಗ, ಅಂಥ ಬಟ್ಟೆಯವರು ತಾವೊಬ್ಬರೇ ಎಂಬುದನ್ನು ಕಂಡು ಕುಗ್ಗಿದರು. ಇದನ್ನೆಲ್ಲ ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಅದೇ ಮನುಷ್ಯರು ತುಂಡು ಪಂಚೆ ಶಾಲುಗಳಲ್ಲಿ ಬಕಿಂಗ್‌ಹ್ಯಾಮ್ ಅರಮನೆಯನ್ನು ಹೊಕ್ಕು ಚಕ್ರವರ್ತಿಯನ್ನು ಕಂಡರು. ನಡುವಣ ನಲವತ್ತಮೂರು ವರ್ಷಗಳಲ್ಲಿ ಇಂಗ್ಲಿಷರ ಕಟ್ಟಳೆಯು ಅಷ್ಟೇನೂ ಸಡಿಲವಾಗಿರಲಿಲ್ಲ. ಉಟ್ಟವರ ಮನಸ್ಸಿನ ಅಂಜಿಕೆ ಹೋಗಿತ್ತು.

ಸೊಸೆಯು ವಿವೇಕಿ. ಆಕೆ ವಾದಕ್ಕಿಳಿಯದೆ ಹಡಗಿನ ಸಂಸ್ಥೆಗೇ ಬರೆದು ಕೇಳಿದಳು. ದೇಶೀಯವಾದ ಔಪಚಾರಿಕ ಉಡುಪಿಗೆ ಸ್ವಾಗತವೆಂದು ಉತ್ತರ ಬಂದಿತು. ಆಗ ಯಜಮಾನರು ಬೀರುವಿನಿಂದ ಮೇಲುಕೋಟೆಯ ಜರಿಯಂಚಿನ ಪಂಚೆಯನ್ನೂ, ತಮ್ಮ ತಂದೆಯವರು ಧರಿಸುತ್ತಿದ್ದ ಕಪ್ಪು ಬಣ್ಣದ ಉದ್ದ ಕೋಟನ್ನೂ, ಜರಿಪೇಟವನ್ನೂ ಹೊರತೆಗೆದರು. ನುಸಿಗುಳಿಗೆಯ ವಾಸನೆ ಹೋಗಲೆಂದು ಕೋಟು ಮೂರು ದಿನ ಅಂಗಳದ ಹಗ್ಗದ ಮೇಲೆ ತೂಗಾಡಿತು.

ಆ ರಾತ್ರಿ ಭೋಜನಶಾಲೆಯ ಬಾಗಿಲಲ್ಲಿದ್ದ ಅಧಿಕಾರಿಯು ಕ್ಷಣಕಾಲ ಇವರನ್ನು ನೋಡಿ, ತಲೆಬಾಗಿ ಒಳಗೆ ಕರೆದುಕೊಂಡು ಹೋದನು. ಪಕ್ಕದ ಮೇಜಿನಲ್ಲಿ ಸ್ಕಾಟ್ಲೆಂಡಿನ ವೃದ್ಧರೊಬ್ಬರು ತಮ್ಮ ನಾಡಿನ ಮೊಣಕಾಲುದ್ದದ ನೆರಿಗೆಯ ಉಡುಪಿನಲ್ಲಿದ್ದರು. ಇಬ್ಬರು ವೃದ್ಧರೂ ಒಬ್ಬರ ನೆರಿಗೆಯನ್ನು ಒಬ್ಬರು ನೋಡಿ ಮುಗುಳ್ನಕ್ಕರು. ಬಡಿಸಲು ಬಂದವನು ಮಂಗಳೂರಿನ ಕಡೆಯ ಹುಡುಗ. ಕನ್ನಡ ಕೇಳಿ ಅವನ ಮುಖ ಅರಳಿತು. “ಈ ಕೋಟಿನಲ್ಲಿ ಸೆಕೆಯಾಗುವುದಿಲ್ಲವೇನಪ್ಪ?” ಎಂದು ಯಜಮಾನರು ಕೇಳಿದಾಗ, “ನಿಮಗೆಲ್ಲ ಎರಡು ರಾತ್ರಿ, ಸ್ವಾಮಿ, ನಮಗೆ ದಿನಾಲೂ ಇದೇ,” ಎಂದು ನಕ್ಕನು. ಯಜಮಾನರು ನಗಲಿಲ್ಲ. ತಮ್ಮ ಪಂಚೆಗೆ ದೊರೆತ ಮರ್ಯಾದೆಯನ್ನು ಕುರಿತು ಅವರು ಮುಂದೆ ಎಲ್ಲಿ ಹೇಳಿದರೂ ಆ ಹುಡುಗನ ಮಾತನ್ನು ಸೇರಿಸದೆ ಹೇಳಿದುದಿಲ್ಲ.

ಉಡುಪಿನ ಕಟ್ಟಳೆಯು ಊಟಕ್ಕೆ ಶೋಭೆ ತರುವುದೂ ಉಂಟು. ಮನುಷ್ಯರನ್ನು ಮೇಲುಕೀಳೆಂದು ವಿಂಗಡಿಸುವುದೂ ಉಂಟು. ಮೈಸೂರಿನ ದಸರಾ ದರ್ಬಾರಿನಲ್ಲಿ ಹಿಂದೆ ಯೂರೋಪಿಯನ್ನರಿಗೆ ಕುರ್ಚಿಗಳೂ ದೇಶೀಯರಿಗೆ ನೆಲದ ಆಸನವೂ ಇರುತ್ತಿದ್ದುವು. 1909ರಲ್ಲಿ ಮುಖ್ಯ ಇಂಜಿನಿಯರಾಗಿ ಬಂದ ವಿಶ್ವೇಶ್ವರಯ್ಯನವರು, ತಮ್ಮ ಕೈಕೆಳಗಿನ ಯೂರೋಪಿಯನ್ನನಿಗೆ ಕುರ್ಚಿಯಿರುವಲ್ಲಿ ತಮಗೆ ನೆಲವಾದುದನ್ನು ಕಂಡು ಮರುವರ್ಷದ ದರ್ಬಾರಿಗೆ ಹೋಗಲಿಲ್ಲವೆಂದೂ, ಆಮೇಲೆ ಎಲ್ಲ ಅಧಿಕಾರಿಗಳಿಗೂ ಕುರ್ಚಿಗಳು ಬಂದುವೆಂದೂ ಅವರ ಚರಿತ್ರೆಗಳಲ್ಲಿ ಹೇಳಿದೆ. ಪೇಟಕ್ಕೂ ಕೋಟಿಗೂ ಅವರು ಎಂದೂ ಬೇಸರಪಟ್ಟವರಲ್ಲ. ಅವರು ಒಪ್ಪದೆ ಹೋದುದು ಭೇದವನ್ನು. ಜಯನಗರಕ್ಕೆ 1948ರಲ್ಲಿ ಅಸ್ತಿಭಾರವಿಟ್ಟ ರಾಜಗೋಪಾಲಾಚಾರಿಯವರು ಗವರ್ನರ್ ಜನರಲ್ಲರ ಪದವಿಯಲ್ಲಿಯೂ ಪಂಚೆ, ಉತ್ತರೀಯಗಳನ್ನು ಬಿಡಲಿಲ್ಲ.

ಆದರೂ ಪಂಚೆಯ ಪರೀಕ್ಷೆ ಮುಗಿದಿಲ್ಲ. 2014ರಲ್ಲಿ ಪಂಚೆಯುಟ್ಟು ಬಂದ ಮದರಾಸು ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳೊಬ್ಬರನ್ನು ಚೆನ್ನೈ ನಗರದ ಒಂದು ಕ್ಲಬ್ಬಿನ ಬಾಗಿಲಲ್ಲಿ ತಡೆದರು. ಅದೇ ವರ್ಷ ತಮಿಳುನಾಡು ಅಂಥ ತಡೆಯನ್ನು ಅಪರಾಧವೆಂದು ಕಾನೂನು ಮಾಡಿತು. 2024ರ ಜುಲೈ ತಿಂಗಳಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಒಂದು ಮಾಲಿಗೆ ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಪಂಚೆಯುಟ್ಟಿದ್ದಾರೆಂಬ ಕಾರಣದಿಂದ ನಿಲ್ಲಿಸಿದರು. ಆ ಮಾಲನ್ನು ಏಳು ದಿನಗಳ ಕಾಲ ಮುಚ್ಚಿಸುವುದಾಗಿ ಸರ್ಕಾರವು ವಿಧಾನಸಭೆಯಲ್ಲಿ ಪ್ರಕಟಿಸಬೇಕಾಯಿತು. ಕಡಲಾಚೆಯ ಹಡಗಿನಲ್ಲಿ ಕುರ್ಚಿ ಎಳೆದುಕೊಟ್ಟ ಉಡುಪಿಗೆ ಕನ್ನಡನಾಡಿನ ರಾಜಧಾನಿಯಲ್ಲಿ ಬಾಗಿಲು ಮುಚ್ಚಿದುದು ಪರರ ಮೇಲೆ ಹೊರಿಸಲಾಗದ ತಪ್ಪು.

ದೂರುವವರು ಒಳಗಣ್ಣನ್ನೂ ತೆರೆಯಬೇಕು. ಧರ್ಮಸ್ಥಳದ ದೇವರ ಸನ್ನಿಧಿಯಲ್ಲಿ ಪುರುಷರು ಅಂಗಿ ತೆಗೆಯಬೇಕು. ಗುರುವಾಯೂರಿನಲ್ಲಿ ಮುಂಡು ಉಟ್ಟೇ ಒಳಹೊಗಬೇಕು. ಪಣಂಬೂರಿನ ಬಂದರಿಗೆ ವಿಹಾರದ ಹಡಗುಗಳಲ್ಲಿ ಬರುವ ಪರದೇಶದವರು ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಪಾದರಕ್ಷೆಗಳನ್ನು ಕಳಚಿಟ್ಟು ನಡೆಯುತ್ತಾರೆ. ಇವೂ ಕಟ್ಟಳೆಗಳೇ. ಕಳಚಿದರೆ, ಉಟ್ಟರೆ ಪೂರೈಸುವ ಕಟ್ಟಳೆಗಳಾದುದರಿಂದ ಅತಿಥಿಗೆ ಅವು ಭಾರವಾಗುವುದಿಲ್ಲ. ಭಾರವಾಗುವುವು ಬೇರೆ ಇವೆ.

ಅದೇ ಯಜಮಾನರ ಮೊಮ್ಮಗನ ಉಪನಯನವು ಮುಂದಿನ ಬೇಸಗೆಯಲ್ಲಿ ಬನಶಂಕರಿಯ ಒಂದು ಕಲ್ಯಾಣಮಂಟಪದಲ್ಲಿ ನಡೆಯಿತು. ಮಗನ ಇಂಗ್ಲಿಷ್ ಸ್ನೇಹಿತನೊಬ್ಬನು ಅದಕ್ಕಾಗಿಯೇ ಬಂದಿದ್ದನು. ಊಟದ ಹೊತ್ತಿಗೆ ಹಿರಿಯ ದಾಯಾದಿಗಳೊಬ್ಬರು ಅವನಿಗೆ ಹೊರಗಿನ ಪಡಸಾಲೆಯಲ್ಲಿ ಎಲೆ ಹಾಕಿಸಿದರು. ಷರಾಯಿ ತೊಟ್ಟವನು ಮಡಿಯ ಪಂಕ್ತಿಯಲ್ಲಿ ಕೂರಬಾರದೆಂಬುದು ಅವರು ಕೊಟ್ಟ ಕಾರಣ. ಯಜಮಾನರು ಮಾತಾಡದೆ ಒಂದು ಒಗೆದ ಪಂಚೆ, ಒಂದು ಶಲ್ಯ ಕಳುಹಿಸಿದರು. ಹುಡುಗರು ನಗುತ್ತ ಅದನ್ನು ಅವನಿಗೆ ಉಡಿಸಿ, ಜಾರದಂತೆ ಮೇಲೊಂದು ಬೆಲ್ಟು ಬಿಗಿದು ಕರೆತಂದರು. ಆಗ ದಾಯಾದಿಗಳು, “ಬಟ್ಟೆ ಬದಲಾಯಿಸಿದರೆ ಜನ್ಮ ಬದಲಾಯಿಸುತ್ತದೆಯೆ?” ಎಂದರು.

“ಹಾಗಾದರೆ ಮೊದಲೇ ಜನ್ಮ ಎನ್ನಬೇಕಾಗಿತ್ತು, ಷರಾಯಿ ಎಂದೇಕೆ ಹೇಳಿದಿರಿ?” ಎಂದರು ಯಜಮಾನರು. “ಅವರ ಹಡಗಿನಲ್ಲಿ ನನ್ನ ಬಟ್ಟೆಯನ್ನು ನೋಡಿದರು. ಗೋತ್ರವನ್ನು ಯಾರೂ ಕೇಳಲಿಲ್ಲ.”

ದಾಯಾದಿಗಳು ಎಲೆಯ ಮುಂದಿನಿಂದ ಎದ್ದು ಹೋದರು. ಅಂದಿನಿಂದ ಎರಡು ಮನೆಗಳ ನಡುವೆ ಹೋಗಿಬರುವುದು ಕಡಿಮೆಯಾಯಿತು. ಗೌರಿಹಬ್ಬದ ಬಾಗಿನ ಮಾತ್ರ ಹೆಂಗಸರ ದೆಸೆಯಿಂದ ನಿಂತಿಲ್ಲ. ಬಾಲ್ಯದಿಂದ ಜೊತೆಯಲ್ಲಿ ಬೆಳೆದ ದಾಯಾದಿಯ ಅಗಲಿಕೆ ಯಜಮಾನರಿಗೆ ಹಗುರವಾದುದಲ್ಲ. ಆದರೆ ಇಂಗ್ಲಿಷಿನವನ ಎಲೆಯು ಪಂಕ್ತಿಯಲ್ಲಿಯೇ ಉಳಿಯಿತು. ಅವನು ಹೋಳಿಗೆಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡನು.

ಊಟದ ಉಡುಪಿನ ನಿಯಮಗಳನ್ನು ಇಷ್ಟರಿಂದ ಅಳೆಯಬಹುದು. ಅತಿಥಿಯು ತನ್ನ ಪೆಟ್ಟಿಗೆಯಿಂದಲೋ, ಆತಿಥೇಯನ ಬೀರುವಿನಿಂದ ಎರವಾಗಿಯೋ ಪೂರೈಸಬಲ್ಲ ನಿಯಮವು ಅನ್ನಕ್ಕೆ ಗೌರವವನ್ನು ತರುತ್ತದೆ. ಅದನ್ನು ಉಳಿಸಿಕೊಳ್ಳುವುದರಲ್ಲಿ ದೋಷವಿಲ್ಲ. ಯಾವ ಪೆಟ್ಟಿಗೆಯಲ್ಲಿಯೂ ದೊರೆಯದುದನ್ನು ಕೇಳುವ ನಿಯಮವು, ಕೋಟಿನ ಹೆಸರಿನಲ್ಲಿರಲಿ ಮಡಿಯ ಹೆಸರಿನಲ್ಲಿರಲಿ, ಉಡುಪಿನ ನಿಯಮವೇ ಅಲ್ಲ. ಬಂದವನನ್ನು ಹೊರಗಿಡಬೇಕೆಂಬ ಮನಸ್ಸು ಬಟ್ಟೆಯನ್ನು ನೆವಮಾಡಿಕೊಂಡಿರುತ್ತದೆ, ಅಷ್ಟೆ. ಬಾಗಿಲಲ್ಲಿ ನಿಂತವರು, ಬಂದವನ ಮೈಮೇಲಿನ ಬಟ್ಟೆಯನ್ನು ನೋಡುವುದಕ್ಕೆ ಮುಂಚೆ, ತಾವು ನಿಜವಾಗಿ ಕೇಳುತ್ತಿರುವುದೇನೆಂಬುದನ್ನು ನೋಡಿಕೊಳ್ಳುವುದು ಲೇಸು.