ನಾನು ಸವರಿದ ಮುಳ್ಳುಗಿಡ

ನಮ್ಮ ಗೇಟಿನ ಪಕ್ಕ ದಾದಿಮಾ ತಮ್ಮ ತವರು ಮೂಡಿಗೆರೆಯಿಂದ ತಂದು ನೆಟ್ಟ ರಾಸ್ಪ್‌ಬೆರಿ ಗಿಡವಿದೆ. ವಿದೇಶಿ ಹಣ್ಣಲ್ಲ; ನಮ್ಮ ಘಟ್ಟದಲ್ಲಿ ತಾನಾಗಿ ಬೆಳೆಯುವ ಜಾತಿ. ಇಂಗ್ಲಿಷ್‌ನಲ್ಲೂ ಇದರ ಹೆಸರು ‘ಮೈಸೂರು ರಾಸ್ಪ್‌ಬೆರಿ’ ಎಂದೇ. ಬೂದಿ ಬಳಿದಂತಹ ಬಿಳಿಚು ಕಾಂಡ, ಗುಲಾಬಿ ಬಣ್ಣದ ಪುಟ್ಟ ಹೂ, ಮೊದಲು ಕೆಂಪಾಗಿ ಆಮೇಲೆ ಕಪ್ಪಾಗುವ ಹಣ್ಣು. ಹಣ್ಣಿಲ್ಲದಾಗಲೂ ನೋಡಲು ಚಂದ. ಆದರೆ ಆ ಮುಳ್ಳು!

ಕಳೆದ ಡಿಸೆಂಬರ್‌ನಲ್ಲಿ ಅಕ್ಕನ ನಿಕಾಹ್. ನೆಂಟರ ಬಟ್ಟೆಗೆ ಮುಳ್ಳು ಸಿಕ್ಕೀತೆಂದು ಎಳೆಯ ಕಾಂಡಗಳನ್ನೆಲ್ಲ ಸವರಿ, ಗಟ್ಟಿಯಾಗಿ ಕಂಡ ಹಳೆಯ ಎರಡನ್ನು ಮಾತ್ರ ಬಿಟ್ಟೆ. ದಾದಿಮಾ ನೋಡಿದರು, ಏನೂ ಅನ್ನಲಿಲ್ಲ.

ಬೇಸಿಗೆಯಲ್ಲಿ ಒಂದು ಹಣ್ಣೂ ಇಲ್ಲ. ಈ ವರ್ಷ ಚಿಗುರಿದ ಕಾಂಡ ಹಣ್ಣು ಬಿಡುವುದು ಮುಂದಿನ ವರ್ಷ. ಬಿಟ್ಟ ಮೇಲೆ ಅದು ಒಣಗುತ್ತದೆ. ನಾನು ಉಳಿಸಿದ್ದು ಒಣಗುವುದನ್ನು! ಪಿಯುಸಿಯಲ್ಲಿ ಜೀವಶಾಸ್ತ್ರ ಓದುವವಳು ನಾನು.

“ಆವತ್ತೇ ಯಾಕೆ ಬೈಯಲಿಲ್ಲ ದಾದಿಮಾ?”

“ಕತ್ತರಿಸಿ ಆಗಿತ್ತಲ್ಲ ಬೇಟಿ. ಮದುವೆಮನೆಯಲ್ಲಿ ನಿನ್ನನ್ನು ಅಳಿಸಲೇ?”

ಈಗ ಮಳೆಗೆ ಬುಡದಿಂದ ಮೂರು ಹೊಸ ಕಾಂಡ ಎದ್ದಿವೆ. ದಾದಿಮಾಗೆ ಕಣ್ಣು ಮಂಜು. ಸಂಜೆ ಬಂದು ಬೆರಳಿನಿಂದ ಮುಟ್ಟಿ ಎಣಿಸುತ್ತಾರೆ. ಕತ್ತರಿ ಮಾತ್ರ ಅವರ ದಿಂಬಿನ ಕೆಳಗಿದೆ.